ಕಾಮಣ್ಣನಿಗೆ ಎರಡು ವರ್ಷ

೧೪ ಮಾರ್ಚ್ ೧೯೮೯, ಮಂಗಳವಾರ. ಅಂಕಲಿ.

ಅಂಬಿಗರ ಕಾಮಣ್ಣನಿಗೆ ಇಂದು ಕೋರ್ಟಿನಲ್ಲಿ ಎರಡು ವರ್ಷ ಶಿಕ್ಷೆಯಾಯಿತು. ‘ರ‍್ಯಾಶ್ ಅಂಡ್ ನೆಗ್ಲಿಜೆಂಟ್’ ಎಂದು ಓದಿದರು. ಹೊಳೆ ತುಂಬಿದ ದಿನ ದೋಣಿಯಲ್ಲಿ ಮಿತಿಮೀರಿ ಜನ ಹತ್ತಿಸಿ ಐದು ಜೀವ ಕಳೆದನಂತೆ. ಆ ಐವರಲ್ಲಿ ನನ್ನ ರುಕ್ಮವ್ವ ಒಬ್ಬಳು. ತೀರ್ಪಿನಲ್ಲಿ ನಾನು ನೊಂದ ಗಂಡ. ಅಷ್ಟು ತಿಳಿಯುವಷ್ಟು ಕಾಲೇಜಿನ ಇಂಗ್ಲಿಷು ಇನ್ನೂ ಉಳಿದಿದೆ, ಹಾಳಾದ್ದು.

ಅವನು ಆ ದಿನ ಒಲ್ಲೆ ಎಂದಿದ್ದ. “ದೋಣಿ ತುಂಬೇತ್ರಿ ಅಣ್ಣಾರ, ಅವ್ವಾರನ್ನ ಮುಂದಿನ ಸರ್ತಿ ಒಯ್ತೇನಿ.” ನಾನೇ ದಡದಲ್ಲಿ ನಿಂತು ಒದರಿದೆ: “ಸುಗ್ಗಿಗೆ ನಮ್ಮ ಕಣದಾಗಿನ ಜೋಳ ಒಯ್ತಿ, ನಮ್ಮನಿಯವ್ರಿಗೇ ಜಾಗಾ ಇಲ್ಲೇನಲೇ?” ದೋಣಿಯ ಬಾಡಿಗೆಗೆ ಬದಲು ವರ್ಷಕ್ಕೊಮ್ಮೆ ಜೋಳ ಅಳೆದುಕೊಡುವ ಮನೆಯವರಿಗೆ ಅಂಬಿಗ ಇಲ್ಲ ಅನ್ನುವಂತಿಲ್ಲ. ರುಕ್ಮವ್ವ ಹತ್ತಿದ್ದು ನೋಡಿ, ಜೋಳ ಕೊಡುವ ಉಳಿದ ಮನೆಯವರೂ ನುಗ್ಗಿದರು.

ಸಾಕ್ಷಿ ಹೇಳುವಾಗ ವಕೀಲರು ನನ್ನನ್ನು ಕೇಳಿದ್ದು ದೋಣಿ ತುಂಬಿತ್ತೇ ಎಂದಷ್ಟೇ. ಹೌದ್ರಿ ಎಂದು ಇಳಿದುಬಂದೆ.

ಇಂದು ಪೊಲೀಸರು ಕರೆದೊಯ್ಯುವಾಗ ಕಾಮಣ್ಣನೇ ಹತ್ತಿರ ಬಂದು ಮೆಲ್ಲಗೆ ಅಂದ: “ನಿಮ್ಮ ಮಾತು ನಾ ಎಲ್ಲೂ ಎತ್ತಿಲ್ರಿ. ಅವ್ವಾರು ಹೋಗ್ಯಾರ, ಅದರ ಮ್ಯಾಲ ನಿಮಗ ಇದೊಂದ್ ಯಾಕ ಅಂತ.”

ಬೈದಿದ್ದರೆ ಉಂಡು ಮಲಗುತ್ತಿದ್ದೆ.

ಬಸ್ಸಿನಲ್ಲಿ ನಮ್ಮೂರ ಧರೆಪ್ಪ, “ಅಂತೂ ನಿಮಗ ನ್ಯಾಯ ಸಿಕ್ತು ನೋಡ್ರಿ” ಎಂದು ಬಾಳೆಹಣ್ಣು ಕೊಟ್ಟ. ತಿಂದೆ.

ಅಪೀಲಿಗೆ ಮೂವತ್ತು ದಿನ ಇದೆಯಂತೆ. ಅವನ ವಕೀಲರ ಬಳಿ ಹೋಗಿ ಇದ್ದದ್ದು ಹೇಳಬೇಕು. ನನ್ನ ಬುದ್ಧಿ ನನಗೆ ಗೊತ್ತು. ಮೂವತ್ತೊಂದನೆಯ ದಿನ ಹೋಗಿ, ಗಡುವು ಮುಗಿದೇಹೋಯಿತೇ ಎಂದು ಕೇಳುತ್ತೇನೆ.