ತನಗೂ ಪರರಿಗೂ ಮಾರುವ ಹಕ್ಕು

ದೂತಾವಾಸದ ಕಾಗದಪತ್ರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಮೂರನೇ ಕಿಟಕಿ ನನ್ನ ಮನೆಯನ್ನು ನನ್ನ ತಮ್ಮನ ಕೈಗೆ ಇಟ್ಟಿದೆ. ಮನೆ ಇರುವುದು ನಮ್ಮ ದೇಶದ ದಮಿಯೆತ್ತಾ ಊರಿನಲ್ಲಿ, ನಾನಿರುವುದು ಈ ಕೊಲ್ಲಿಯ ಊರಿನಲ್ಲಿ, ಮುದ್ರೆ ಒತ್ತಿದ್ದು ನೀವು. ಯಾವ ಊರಿನ ಕಚೇರಿಯೆಂದು ಬರೆಯುವುದಿಲ್ಲ. ಓದುತ್ತಾ ನಿಮಗೆ ಬೆವರು ಬಂದರೆ ವಿಳಾಸ ಸರಿಯಾಗಿದೆ ಎಂದು ತಿಳಿಯಿರಿ.

ನಾನು ಇಲ್ಲಿನ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ವ್ಯಾಕರಣ ಕಲಿಸುತ್ತಿದ್ದೇನೆ. ಕಳೆದ ವರ್ಷ ದಮಿಯೆತ್ತಾದ ನಮ್ಮ ಬೀದಿಗೆ ಗ್ಯಾಸ್ ಕೊಳವೆ ಬಂತು. ಅರ್ಜಿಗೆ ಮಾಲೀಕರ ಸಹಿ ಬೇಕು, ಇಲ್ಲವೇ ಅವರ ಪರವಾಗಿ ಸಹಿ ಹಾಕುವವರು ಬೇಕು. ತಮ್ಮ ಹಮ್ದೀ ಅಲ್ಲೇ ಮಂಚಗಳಿಗೆ ಹೂಬಳ್ಳಿ ಕೆತ್ತುವ ಬಡಗಿ. ಅವನ ಹೆಸರಿಗೆ ಗ್ಯಾಸಿನ ಮಟ್ಟಿಗೆ ಒಂದು ಮುಖ್ತ್ಯಾರ್ ಪತ್ರ ಮಾಡಿಸಲು ನಿಮ್ಮಲ್ಲಿಗೆ ಬಂದೆ.

"ಗ್ಯಾಸ್ ಒಂದಕ್ಕೇ ಯಾಕೆ ಹಾಜಮ್ಮಾ? ಪೂರ್ತಿ ಮುಖ್ತ್ಯಾರ್ ಕೊಟ್ಬಿಡಿ. ನಾಳೆ ನೀರಿಂದು, ನಾಡಿದ್ದು ಕರೆಂಟಿಂದು ಅಂತ ಎಷ್ಟು ಸಲ ಅಲೀತೀರಾ?" ಎಂದರು ನಿಮ್ಮ ಗುಮಾಸ್ತರು. ನಾನು ಹಜ್ ಮಾಡಿಲ್ಲ, ಅಷ್ಟು ವಯಸ್ಸೂ ಆಗಿಲ್ಲ. ಆದರೂ ಆ ಕಾಳಜಿಗೆ ಕರಗಿದೆ.

"ಒಂದ್ಸಲ ಓದ್ಲಾ?"

"ಓದೋಕೇನಿದೆ? ಎಲ್ರಿಗೂ ಅಚ್ಚು ಹಾಕಿರೋ ಅದೇ ಫಾರ್ಮು. ಹಿಂದೆ ಜನ ನಿಂತಿದಾರೆ, ಸಹಿ ಹಾಕಿ."

ಹಾಕಿದೆ. ಏಳನೇ ಸಾಲಿನಲ್ಲಿ ಹೀಗಿತ್ತು: 'ಸ್ಥಿರಾಸ್ತಿಯನ್ನು ತನಗೂ ಪರರಿಗೂ ಮಾರುವ ಹಕ್ಕು.' ತನಗೂ! ಚತುರ್ಥೀ ವಿಭಕ್ತಿ, ಮಾನ್ಯರೇ. 'ಯಾರಿಗೆ?' ಎಂದು ಕೇಳಿದಾಗ ತಡವರಿಸಿದ ಹತ್ತು ವರ್ಷದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನನ್ನ ತಮ್ಮ ಮಾತ್ರ ತಡವರಿಸಲಿಲ್ಲ.

ಪಕ್ಕದ ಮನೆಯ ಉಮ್ ರಿಫ್ಅತ್ ಫೋನು ಮಾಡಿದ ಮೇಲಷ್ಟೇ ನನಗೆ ಗೊತ್ತಾಗಿದ್ದು. "ನಿಮ್ಮನೆಗೆ ಹೊಸ ಬೀಗ ಬಿದ್ದಿದೆ ಕಣ್ರೀ. ಹಮ್ದೀ ಹೆಂಡ್ತಿ ನಿಮ್ಮ ಪರದೆಗಳನ್ನ ಒಗೆದು ಒಣಗಾಕ್ತಿದಾಳೆ, ತನ್ನವೇ ಅನ್ನೋ ಥರ." ಕ್ರಯಪತ್ರದಲ್ಲಿ ಮಾರಿದವಳು ನಾನು, ನನ್ನ ಪರವಾಗಿ ಹಮ್ದೀ. ಕೊಂಡವನು? ಹಮ್ದೀ. ಚೌಕಾಸಿ ಹೇಗೆ ನಡೆದಿರಬಹುದು? ಒಂದು ಕುರ್ಚಿಯಲ್ಲಿ ಕೂತು ಬೆಲೆ ಹೇಳಿ, ಎದ್ದು ಎದುರು ಕುರ್ಚಿಗೆ ಹೋಗಿ 'ಜಾಸ್ತಿಯಾಯ್ತು' ಎಂದು ಮುಖ ತಿರುಗಿಸಿದನೇ?

ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: "ಸಹಿ ನಿಂದೇ ತಾನೇ ಅಕ್ಕಾ? ಟೀಚರಮ್ಮ ನೀನು, ಓದೇ ಹಾಕಿರ್ತೀಯ ಅನ್ಕೊಂಡೆ." ಮನೆ ಹೋದ ನೋವಿಗಿಂತ ಈ ಮಾತಿನ ಉರಿ ದೊಡ್ಡದು. ಅವನನ್ನು ಕ್ಷಮಿಸು ಎಂದು ಹೇಳುವ ನೆಂಟರ ಫೋನನ್ನೆಲ್ಲ ಅರ್ಧಕ್ಕೇ ಕತ್ತರಿಸಿದ್ದೇನೆ. ಅವನು ನ್ಯಾಯಾಧೀಶರ ಎದುರು ನಿಂತು ಆ ಏಳನೇ ಸಾಲನ್ನು ಬಾಯಿಬಿಟ್ಟು ಓದಬೇಕು. ಅದನ್ನು ಕೇಳದೆ ನಾನು ಸಾಯುವುದಿಲ್ಲ.

ಈಗ ಅವನು ಆ ಕ್ರಯವನ್ನು ಖಾಯಂ ಮಾಡಿಸಿಕೊಳ್ಳಲು ಕೋರ್ಟಿಗೆ ಹೋಗಿದ್ದಾನೆ. ಬರುವ ತಿಂಗಳ ಹನ್ನೊಂದಕ್ಕೆ ವಿಚಾರಣೆ. ಅಂದು ನನ್ನ ಪರವಾಗಿ ಯಾರೂ ನಿಲ್ಲದಿದ್ದರೆ ಮನೆ ಕೈಬಿಟ್ಟಂತೆಯೇ. ದಮಿಯೆತ್ತಾದ ವಕೀಲೆ ರತೀಬಾ ಅವರಿಗೆ ಫೋನಿನಲ್ಲಿ ನನ್ನ ಸಂಕಟ ತೋಡಿಕೊಳ್ಳಲು ಹೊರಟರೆ ತಡೆದರು. "ಅಳೋದು ಆಮೇಲೆ ಟೀಚರಮ್ಮಾ. ಯಾವ ತಾರೀಕು ಏನಾಯ್ತು ಅಂತ ಒಂದು ಹಾಳೇಲಿ ಬರೀರಿ. ಹಳೇ ಮುಖ್ತ್ಯಾರ್ ರದ್ದು ಮಾಡ್ಸಿ. ನನಗೊಂದು ವಕಾಲತ್ತು ಕಳಿಸಿ. ಅದಿಲ್ದೆ ನಾನು ಕೋರ್ಟಲ್ಲಿ ಬಾಯಿ ತೆರೆಯೋ ಹಾಗಿಲ್ಲ." ತಾರೀಕುಗಳ ಹಾಳೆ ಅಂದೇ ಸಿದ್ಧವಾಯಿತು. ಉಳಿದೆರಡಕ್ಕೂ ಇರುವುದು ಅದೇ ಮೂರನೇ ಕಿಟಕಿ.

ನಿಮ್ಮ ಗುಮಾಸ್ತರು ಕಾಗದ ನೋಡಿ ತಲೆ ಅಡ್ಡಡ್ಡ ಆಡಿಸಿದರು. "ಇದರಲ್ಲಿ 'ತನಗೂ' ಅಂತ ಇದೆಯಲ್ಲಾ ಹಾಜಮ್ಮಾ. ನೀವೊಬ್ರೇ ರದ್ದು ಮಾಡೋಕಾಗಲ್ಲ. ನಿಮ್ಮ ತಮ್ಮನೂ ಬಂದು ಒಪ್ಪಿ ಸಹಿ ಹಾಕ್ಬೇಕು." ಅಂದರೆ ಕಳ್ಳನ ಒಪ್ಪಿಗೆ ಇಲ್ಲದೆ ಕಳ್ಳತನ ನಿಲ್ಲಿಸುವಂತಿಲ್ಲ. ಓದಲು ಬಿಡದೆ ಸಹಿ ಹಾಕಿಸಿಕೊಂಡಾಗ ಈ ಕಾನೂನು ಊಟಕ್ಕೆ ಹೋಗಿತ್ತೇ?

ಹೋಗಲಿ, ವಕಾಲತ್ತಾದರೂ ಕೊಡಿ ಎಂದೆ. ಫಾರ್ಮು ಬಂತು. ಈ ಸಲ ಕಿಟಕಿಗೆ ಅಂಟಿಕೊಂಡೇ, ಸರದಿ ಗೊಣಗಿದರೂ ಬಿಡದೆ, ಗಟ್ಟಿಯಾಗಿ ಓದಿದೆ. ಏಳನೇ ಸಾಲು: 'ತನಗೂ ಪರರಿಗೂ ಮಾರುವ ಹಕ್ಕು.' ವಕೀಲರಿಗೂ! ಆ ಸಾಲಿನ ಮೇಲೆ ಗೀಟು ಎಳೆದೆ. "ಗೀಟು ಬಿದ್ದ ಫಾರ್ಮಿಗೆ ಸೀಲು ಹಾಕಲ್ಲ" ಎಂದು ಕಿಟಕಿ ಮುಚ್ಚಿತು. ರತೀಬಾ ಅವರಿಗೆ ಹೇಳಿದರೆ ನಕ್ಕರು. "ಗೀಟು ಎಳೆದಿದ್ದೇ ಒಳ್ಳೇದಾಯ್ತು. ಸಮುದ್ರ ಕಾಣೋ ಮನೆ, ನನಗೂ ಆಸೆ ಆಗ್ಬಿಟ್ರೆ?" ನಗುತ್ತಲೇ, ಇನ್ನು ಹದಿನಾರು ದಿನ ಉಳಿದಿದೆ ಎಂದೂ ಹೇಳಿದರು.

ಆದ್ದರಿಂದ ನನ್ನ ಬೇಡಿಕೆ. ಬೇಡಿಕೆ ಎಂದೆ, ವಿನಂತಿ ಅಲ್ಲ. ಗುರುವಾರದೊಳಗೆ ಏಳನೇ ಸಾಲಿಲ್ಲದ ವಕಾಲತ್ತಿಗೆ ಮುದ್ರೆ ಬೀಳಬೇಕು. ನನಗೆ ಓದಲು ಅವಕಾಶ ಕೊಡಲಿಲ್ಲವೆಂದು ನಿಮ್ಮ ಗುಮಾಸ್ತರು ಬರೆದುಕೊಡಬೇಕು. ಅಚ್ಚಿನ ಫಾರ್ಮಿನಿಂದಲೇ ಆ ಸಾಲು ಹೋಗಬೇಕು. ಬೇಕಾದವರು ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಲಿ.

ನನಗೀಗ ಬೇಸಿಗೆ ರಜೆ. ಕಳೆದ ಭಾನುವಾರದಿಂದ ನಿಮ್ಮ ಕಾಯುವ ಕೋಣೆಯಲ್ಲಿ ಕೂತು, ಬಂದವರಿಗೆಲ್ಲ ಸಹಿಗೆ ಮುಂಚೆ ಆ ಸಾಲು ಓದಿ ಅರ್ಥ ಹೇಳುತ್ತಿದ್ದೇನೆ. ಸೋಹಾಗ್ ಕಡೆಯ ಒಬ್ಬ ಕೊಳಾಯಿ ಕೆಲಸದವನು ಚಿಕ್ಕಪ್ಪನ ಹೆಸರಿಗೆ ಮುಖ್ತ್ಯಾರ್ ಮಾಡಿಸಲು ಬಂದಿದ್ದ. "ತನಗೂ ಅಂದ್ರೆ... ನಮ್ಮ ಚಿಕ್ಕಪ್ಪಂಗಾ?" ಎಂದ. ಹೌದಪ್ಪ ಎಂದೆ. ಫಾರ್ಮನ್ನು ನಾಲ್ಕಾಗಿ ಹರಿದು ನಿಮ್ಮ ಕಿಟಕಿಯೊಳಗೆ ತಳ್ಳಿ ಹೋದ. ನಿನ್ನೆ ಒಂದೇ ದಿನ ಹನ್ನೊಂದು ಜನ ಸಹಿ ಹಾಕದೆ ಎದ್ದು ಹೋದರು. ನನ್ನ ರಜೆ ಇನ್ನೂ ಐವತ್ತು ದಿನ ಇದೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ 'ಮಾರಾಟಗಾರ್ತಿ', ಜನ್ಮದಲ್ಲಿ ಏನನ್ನೂ ಮಾರದ
ಅವಾತಿಫ್, ವ್ಯಾಕರಣದ ಟೀಚರು