ಹನ್ನೊಂದು ತಿಂಗಳು ಆಫ್ ಮಾಡದ ಕಂಪ್ಯೂಟರ್

ನದಿ ಮತ್ತು ಕಲ್ಲುಕೋರೆ ದೂರು ಕೋಶದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ. ಗುಪ್ತವಾಗಿಡುತ್ತೇವೆಂದು ಮಾತು ಕೊಟ್ಟು ನೀವು ಪಡೆದ ಹೂಡೆಯ ಝೀಟಾ ಅವರ ಹೆಸರು, ಅವರು ಯಾರ ಮೇಲೆ ದೂರಿದರೋ ಅವನ ಕೈಗೇ ನಿಮ್ಮ ಕಂಪ್ಯೂಟರಿನಿಂದ ಸೋರಿದೆ.

ಝೀಟಾ ಹೊಳೆಯಲ್ಲಿ ಮರುವಾಯಿ ಎಂಬ ತಿನ್ನುವ ಚಿಪ್ಪು ಹೆಕ್ಕಿ ಮಾರುವವರು. ಮರಳು ತೆಗೆಯುವ ಯಂತ್ರ ಇಳಿದ ಮೇಲೆ ಚಿಪ್ಪೇ ಇಲ್ಲವೆಂದು ನಿಮ್ಮ ಜಾಲತಾಣದಲ್ಲಿ ದೂರು ಕೊಟ್ಟರು. ಎಂಟನೆಯ ದಿನ ಮರಳು ಗುತ್ತಿಗೆದಾರನ ಕಡೆಯವನು ಅಂಗಳಕ್ಕೆ ಬಂದ. "ಝೀಟಾ ಬಾಯಿ, ನಿಮ್ಮ ಬರವಣಿಗೆ ಭಾರೀ ಉಂಟು ಮಾರಾಯ್ರೆ. 'ಹೊಳೆಯ ಹೊಟ್ಟೆ ಬಗೆದಿದ್ದಾರೆ' ಅಂತ ಬರೀಲಿಕ್ಕೆ ನಮಗೆಲ್ಲ ಗೊತ್ತಾಗ್ಲಿಕ್ಕಿಲ್ಲ!" ದೂರಿನ ಸಾಲು, ಅಕ್ಷರಕ್ಕಕ್ಷರ. ಮರುದಿನ ಅವರ ದೋಣಿಯ ತಳದಲ್ಲಿ ಮೂರು ತೂತು.

"ಯಾರೂ ಪಾಸ್‌ವರ್ಡ್ ಕದ್ದಿಲ್ಲ" ಎಂಬ ನಿಮ್ಮ ಹೇಳಿಕೆ ಓದಿದೆ. ನಿಜ. ಕದಿಯುವ ಕಷ್ಟವನ್ನೇ ನೀವು ಕೊಡಲಿಲ್ಲವಲ್ಲ! ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನ ನೆನಪಿನಲ್ಲಿ ಎಲ್ಲರ ಗುಟ್ಟೂ ಹಾದುಹೋಗುತ್ತದೆ. ನಿಮ್ಮ ಕರ್ನೆಲ್‌ನ ದೋಷ ಇಷ್ಟೇ: ಒಬ್ಬರು ಉಂಡೆದ್ದ ಎಲೆಯನ್ನು ತೆಗೆಯದೆ ಮುಂದಿನವರ ಎದುರಿಗಿಡುವುದು. ಝೀಟಾರ ದೂರು ಹಾದುಹೋದ ಜಾಗವನ್ನು ಒರೆಸದೆ ಇನ್ನೊಂದು ತಂತ್ರಾಂಶಕ್ಕೆ ಕೊಟ್ಟಿತು. ಯಾರ ತಂತ್ರಾಂಶ? ಪರವಾನಗಿ ಚೀಟಿ ಮುದ್ರಿಸಿಕೊಳ್ಳಲೆಂದು ಅದೇ ಯಂತ್ರದೊಳಗೆ ನೀವು ಬಿಟ್ಟುಕೊಂಡ ಗುತ್ತಿಗೆದಾರನದು. ಅದು ಎಂಜಲು ಬಳಿದು ಕೊಂಡೊಯ್ದಿತು.

ಗೊತ್ತಿರಲಿಲ್ಲವೇ? ಮಣಿಪಾಲದಲ್ಲಿ ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವ ಪ್ರಣೀತಾ ಖುದ್ದು ಬಂದು ಹೇಳಿದ್ದರು: ಈ ದೋಷದ ತಿದ್ದುಪಡಿ ಆಗಲೇ ಯಂತ್ರಕ್ಕೆ ಇಳಿದು ಕೂತಿದೆ, ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ನೀವೆಂದಿರಿ, "ಇದೆಂತ ಮನೆಯ ಫ್ಯಾನಾ ಮೇಡಂ? ಒಮ್ಮೆ ಬಂದ್ ಮಾಡಿದರೆ ಮತ್ತೆ ಏಳ್ತದಾ ಅಂತ ಯಾರಿಗೆ ಗೊತ್ತುಂಟು!" ಆ ಭಯಕ್ಕೆ ಸ್ವಿಚ್ಚಿನ ಮೇಲೆ 'ಮುಟ್ಟಬಾರದು' ಎಂಬ ಚೀಟಿ ಅಂಟಿಸಿ ಹನ್ನೊಂದು ತಿಂಗಳು ಕಾವಲು ಕಾದಿರಿ. ಅದರ ಅರ್ಧ ಕಾವಲು ಒಂದು ಜೀವಕ್ಕೆ ಸಿಗಬಾರದಿತ್ತೇ?

"ಗುಪ್ತ ಅಂತ ಹೇಳದಿದ್ರೆ ನಾನು ಬರೀತಾನೇ ಇರ್ಲಿಲ್ಲ ಅಲ್ವಾ?" ಎಂದು ಝೀಟಾ ನನ್ನನ್ನು ಕೇಳಿದರು. ಉತ್ತರಿಸಬೇಕಾದವರು ನೀವು.

ಇಂದೇ ಆ ಯಂತ್ರ ಬಂದ್ ಮಾಡಿ. ಗುತ್ತಿಗೆದಾರನ ತಂತ್ರಾಂಶ ಕಿತ್ತೆಸೆಯಿರಿ. ಝೀಟಾರಿಗೆ ರಕ್ಷಣೆ ಕೊಡಿಸಿ. ಹನ್ನೊಂದು ತಿಂಗಳಲ್ಲಿ ದೂರು ಕೊಟ್ಟ ಪ್ರತಿಯೊಬ್ಬರ ಮನೆಗೂ ನೀವೇ ಹೋಗಿ, ಹೆಸರು ಸೋರಿರಬಹುದೆಂದು ತಿಳಿಸಿ. ಅವನ ಜನ ತಲುಪುವ ಮೊದಲು ತಲುಪಿ. ನನ್ನ ಮನೆಗೆ ಬರುವ ಶ್ರಮ ಬೇಡ. ಅದೇ ಗುತ್ತಿಗೆದಾರನ ಕಲ್ಲುಕೋರೆಯ ಮೇಲೆ ಗುಪ್ತ ದೂರು ಕೊಟ್ಟವನು ನಾನು. ಅವನ ಜನ ನಿನ್ನೆಯೇ ಬಂದು ಹೋದರು.

ಇಂತಿ,
ಇನ್ನು ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲದ
ಭೋಜ, ಕುಕ್ಕುಂದೂರು