ಗೋಡೆಗೆ ಸಿಕ್ಕ ಗಾಡಿ

ಫೆಬ್ರವರಿ 26, ಸೋಮವಾರ

ಕಿವಿ ಪರೀಕ್ಷೆಗೆ ಹನ್ನೊಂದು ಪೇಷೆಂಟ್. ಹದಿನಾಲ್ಕು ವರ್ಷದಿಂದ ಅದೇ ಮಾತು — "ಸದ್ದು ಕೇಳಿದ್ರೆ ಬೆರಳೆತ್ತಿ." ಕೊನೆಯ ಅಜ್ಜ ಸದ್ದು ಇಲ್ಲದಾಗಲೂ ಎತ್ತುತ್ತಿದ್ದ. ಪಾಪ, ಪಾಸಾಗುವ ಆಸೆ. ಪೇಷೆಂಟ್ ಬೂತಿನ ಒಳಗೆ, ನಾನು ಗಾಜಿನ ಈಚೆ. ಎರಡೂ ಕಡೆ ಕಿಟಕಿ ಇಲ್ಲ, ಗೋಡೆಗೆಲ್ಲ ಸ್ಪಂಜು. ಅವರಿಗೆ ಇಪ್ಪತ್ತು ನಿಮಿಷದ ಸೆರೆ, ನನಗೆ ಇಡೀ ದಿನ.

ಅಕ್ಕನ ಮನೆಗೆ ಬಂದರೆ ಹಾಲ್‌ನಲ್ಲಿ ಭಾವ, ಟಿವಿ. ಅವರು ಎದ್ದ ಮೇಲೆ ಸೋಫಾ ನನ್ನ ಹಾಸಿಗೆಯಾಗಬೇಕು. ನಲವತ್ತೊಂದು ತುಂಬಿತು. ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಅಂತ ನನಗಿರುವುದು ಬಾತ್‌ರೂಮಿನದೊಂದೇ. ಅದನ್ನೂ ಅಕ್ಕ ತಟ್ಟುತ್ತಾಳೆ — "ಗೀಸರ್ ಆಫ್ ಮಾಡಿದ್ಯೇನೇ?"

ಡಾಕ್ಟರ್ ಇವತ್ತು ಕೊನೆಗೂ ಬಾಯಿ ಬಿಟ್ಟರು. ಊರೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡುವ ಕೆಲಸ ನನಗೇ. ಆದರೆ ಗಾಡಿ ನನ್ನದಿರಬೇಕು. ಮಾರ್ಚ್ 12ಕ್ಕೆ ಪೇಪರ್ ತೋರಿಸಬೇಕು. ಇಲ್ಲವಾದರೆ ಹೊಸದಾಗಿ ಸೇರಿದವಳಿಗೆ. ಅವಳ ಗಂಡನ ಹತ್ತಿರ ವ್ಯಾನ್ ಇದೆಯಂತೆ.

ಫೋನಿನಲ್ಲಿ ಆ ಜಾಹೀರಾತು ಮತ್ತೆ ನೋಡಿದೆ. ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ವ್ಯಾನ್. ಒಳಗೆ ಹಾಸಿಗೆ, ಪುಟ್ಟ ಒಲೆ, ಸಿಂಕು. ಬಾಗಿಲಿಗೆ ಒಳಗಿಂದ ಚಿಲಕ. ಝೂಮ್ ಮಾಡಿ ನೋಡಿದೆ. ಚಿಲಕವೇ.

ಮಾರ್ಚ್ 4, ಸೋಮವಾರ. ಸಂಜೆ

ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಸೊಂಟ ಬಿದ್ದುಹೋಗಿದೆ. ಅಕ್ಕನಿಗೆ ಟ್ರೈನಿಂಗ್ ಅಂದಿದ್ದೇನೆ. ಈ ಊರಿಗೆ ಬಸ್ಸು ವಾರಕ್ಕೆ ಎರಡೇ ದಿನ, ಸೋಮವಾರ ಮತ್ತು ಶುಕ್ರವಾರ. ನಾಲ್ಕಕ್ಕೆ ಬಂದು ಐದಕ್ಕೆ ವಾಪಸ್. ಇಲ್ಲಿ ನಿಲ್ಲಲು ಅದಕ್ಕೂ ಮನಸ್ಸಿಲ್ಲ.

ಲಾಡ್ಜು ಟೈರ್ ಅಂಗಡಿಯ ಮೇಲೆ. ದಿಂಬಿಗೂ ರಬ್ಬರ್ ವಾಸನೆ. ಲಾಡ್ಜಿಗೂ ಅಂಗಡಿಗೂ ಒಬ್ಬನೇ ಯಜಮಾನ. ಕ್ಯಾಂಪರ್ ವ್ಯಾನ್ ಕೊಳ್ಳಲು ಬಂದಿದ್ದೇನೆ ಅಂದೆ. "ಯಾವ್ದು, ಗೋಡೆ ಗಾಡೀನಾ?" ಅಂತ ನಕ್ಕ. ಯಾಕೆ ನಕ್ಕನೋ.

ಮಾರ್ಚ್ 5, ಮಂಗಳವಾರ

ಯಾಕೆ ನಕ್ಕ ಅಂತ ಗೊತ್ತಾಯಿತು.

ಅಂಗಳದ ನಡುವೆ ಎದೆಮಟ್ಟದ ಗೋಡೆ. ಅದು ನೇರ ಬಂದು ಗಾಡಿಯ ಮೂತಿಗೆ ತಾಗಿ ನಿಲ್ಲುತ್ತದೆ. ಮತ್ತೆ ಹಿಂದಿನ ಬಂಪರಿನಿಂದ ಶುರು. ನಡುವೆ ಗಾಡಿಯೇ ಗೋಡೆ. ಗಾಡಿಯ ಒಡೆಯರಾದ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಮೇಸ್ತ್ರಿ "ಗಾಡಿ ತೆಗೀರಿ" ಅಂದನಂತೆ. ಅಣ್ಣ "ಅವರು ತೆಗೀಲಿ" ಅಂದರು. ತಮ್ಮನೂ "ಅವರು ತೆಗೀಲಿ" ಅಂದರು. ಮೇಸ್ತ್ರಿ ಗಾಡಿಯನ್ನೂ ಸೇರಿಸಿಕೊಂಡು ಗೋಡೆ ಕಟ್ಟಿ ಹೋದ. ಜಾಹೀರಾತಿನ ಆ ಫೋಟೋ ಎಲ್ಲಿ ನಿಂತು ತೆಗೆದರೋ ಪುಣ್ಯಾತ್ಮರು!

ಡ್ರೈವರ್ ಬಾಗಿಲು ತಮ್ಮನ ಅಂಗಳಕ್ಕೆ. ಕೀಲಿ ಅವರ ಹತ್ತಿರ. ಎಳೆಯುವ ದೊಡ್ಡ ಬಾಗಿಲು ಅಣ್ಣನ ಅಂಗಳಕ್ಕೆ. ಪೇಪರ್ ಅವರ ಹತ್ತಿರ. ಗಾಡಿ ಇಬ್ಬರ ಹೆಸರಿನಲ್ಲಿದೆ, ಇಬ್ಬರ ಸಹಿಯೂ ಬೇಕು. ನಾನು ಅವರನ್ನು ದೊಡ್ಡವರು, ಚಿಕ್ಕವರು ಅಂತ ಕರೆಯತೊಡಗಿದ್ದೇನೆ.

ಜಾಹೀರಾತು ಹಾಕಿದ್ದು ಚಿಕ್ಕವರು. ಐವತ್ತರ ಮೇಲೆ ವಯಸ್ಸು. ಬಲಗಾಲು ಎಳೆದು ನಡೆಯುತ್ತಾರೆ.

"ನನ್ನ ಸಹಿ ಈಗ್ಲೇ ತಗೊಳ್ಳಿ ಮೇಡಂ. ಅವರ್ದು ನೀವೇ ಕೇಳ್ಕೊಳ್ಳಿ."

"ನೀವೇ ಒಂದು ಮಾತು..."

"ಅವರ ಜೊತೆ ಮಾತಾಡಿ ಆರು ವರ್ಷ ಆಯ್ತು."

ಒಡಹುಟ್ಟಿದ ಅಣ್ಣನಿಗೆ 'ಅವರು'. ಮೊದಲೆಲ್ಲ ಹೋಗೋ ಬಾರೋ ಅಂತಲೇ ಇದ್ದರಂತೆ, ಟೈರಿನವನು ಹೇಳಿದ. ಮಾತು ಬಿಟ್ಟ ಮೇಲೆ ಬಹುವಚನ ಹಿಡಿದರಂತೆ. ಮರ್ಯಾದೆ ಕೊಟ್ಟು ದೂರ ಇಡುವುದನ್ನು ಇವರಿಂದ ಕಲಿಯಬೇಕು.

ಗಾಡಿಯೊಳಗಿಂದಲೇ ಆ ಕಡೆಗೆ ಹೋದೆ. ಡ್ರೈವರ್ ಸೀಟು ಹತ್ತಿ, ಸೀಟುಗಳ ನಡುವೆ ತೂರಿ, ಹಾಸಿಗೆ ದಾಟಿ, ಆಚೆ ಇಳಿದರೆ ದೊಡ್ಡವರ ಅಂಗಳ. ಇಬ್ಬರೂ ಹೊಲಿಗೆ ಯಂತ್ರ ರಿಪೇರಿಯವರು. ಇಪ್ಪತ್ತು ವರ್ಷ ಇದರಲ್ಲೇ ಉಂಡು, ಇದರಲ್ಲೇ ಮಲಗಿ ಊರೂರು ತಿರುಗಿದವರು. ಡ್ರಾಯರಿನಲ್ಲಿ ಇನ್ನೂ ಸೂಜಿ, ಬಾಬಿನ್, ಎಣ್ಣೆ ಡಬ್ಬಿ. ಸಿಂಕಿನ ಪಕ್ಕ ಎರಡು ಲೋಟ, ಒಂದರೊಳಗೊಂದು. ಚಿಲಕ ಹಾಕಿ ನೋಡಿದೆ. ಗಟ್ಟಿಯಾಗಿದೆ. ಒಂದು ನಿಮಿಷ ಸುಮ್ಮನೆ ಕೂತೆ. ಯಾರೂ ತಟ್ಟಲಿಲ್ಲ. ಅಳು ಬರುವಷ್ಟು ಖುಷಿಯಾಯಿತು.

ದೊಡ್ಡವರು ಅರವತ್ತು ದಾಟಿದವರು, ಬಲು ಮರ್ಯಾದಸ್ಥರು. ನನಗೆ ಕುರ್ಚಿ ಕೊಟ್ಟು, ತಮ್ಮ ಕುರ್ಚಿಯನ್ನು ಎತ್ತಿ ನನ್ನ ಬಲಕ್ಕೆ ಹಾಕಿಕೊಂಡು ಕೂತರು. ನಿಮ್ಮ ಸಹಿ ಬೇಕಿತ್ತು ಅಂದೆ.

"ಕಹಿನಾ? ನನ್ನ ಮನಸ್ಸಲ್ಲಿ ಯಾವ ಕಹೀನೂ ಇಲ್ಲಮ್ಮ. ಇದ್ರೆ ಆ ಕಡೆಯವರಿಗೆ."

ಎಂಥ ಮಾತು! ಸಹಿ ಕೇಳಿದರೆ ಕಹಿ ಅಂತ ಉತ್ತರ. ಮರೆಯುವ ಮುಂಚೆ ಬರೆದಿಟ್ಟೆ. ಸಹಿ ಮಾತ್ರ ಸಿಗಲಿಲ್ಲ.

ಮಾರ್ಚ್ 6, ಬುಧವಾರ

ಇವತ್ತು ಅತ್ತಿಂದಿತ್ತ ಏಳು ಸಲ. ಅಡಕತ್ತರಿಗೆ ಸಿಕ್ಕ ಅಡಿಕೆ ನಾನು.

ಚಿಕ್ಕವರು ಹೇಳಿದ್ದು — ಆರು ವರ್ಷದ ಹಿಂದೆ, ಲಾರಿ ಓಡಾಡುವ ಏರುರಸ್ತೆಯಲ್ಲಿ ಗಾಡಿ ಕೆಟ್ಟು ನಿಂತಿತ್ತು. ಇವರು ಗಾಡಿಯ ಕೆಳಗೆ. ದೊಡ್ಡವರು ಹಿಂದೆ, ಚಕ್ರಕ್ಕೆ ಕಲ್ಲು ಕೊಡಲು. ಗಾಡಿ ಜಾರತೊಡಗಿತು. "ಅಣ್ಣಾ, ಕಲ್ಲಿಡೋ ಅಂತ ಮೂರು ಸಲ ಕೂಗಿದೆ ಮೇಡಂ. ಬೆನ್ನು ಹಾಕಿ ನಿಂತೇ ಇದ್ರು. ಬೆಳಿಗ್ಗೆ ನಮ್ಮಿಬ್ಬರಲ್ಲಿ ಒಂದು ಮಾತು ಬಂದಿತ್ತು, ನಿಜ. ಅದಕ್ಕೆ ಹೀಗಾ ಮಾಡೋದು?" ಪ್ಯಾಂಟ್ ಎತ್ತಿ ಕಾಲು ತೋರಿಸಿದರು. ನೋಡಲಾಗಲಿಲ್ಲ.

ದೊಡ್ಡವರು ಹೇಳಿದ್ದು — "ಕೂಗಿದ್ರೆ ಇಡ್ತಿರ್ಲಿಲ್ವಾ? ನಾನು ಎತ್ತಿ ಆಡಿಸಿದ ತಮ್ಮ ಕಣಮ್ಮ. ಒಂದು ಸಲಾನೂ ಕರೀಲಿಲ್ಲ. ಆಮೇಲೆ ಊರ ತುಂಬ, ಬೇಕಂತ್ಲೇ ಸುಮ್ಮನಿದ್ರು ಅಂತ ಹೇಳ್ಕೊಂಡು ಬಂದ್ರು. ಸುಳ್ಳು ಹೇಳಿದೆ ಅಂತ ಒಪ್ಕೊಳ್ಳಲಿ, ಆ ಕ್ಷಣಾನೇ ಪೇಪರ್ ಕೊಡ್ತೀನಿ." ಕಣ್ಣು ತುಂಬಿತ್ತು.

ಇವರೂ ಸುಳ್ಳರಲ್ಲ, ಅವರೂ ಸುಳ್ಳರಲ್ಲ. ನನಗೋ ತಲೆ ಕೆಟ್ಟು ಮೊಸರಾಗಿದೆ.

ಅಕ್ಕನ ಫೋನ್. "ಟ್ರೈನಿಂಗ್ ಎಲ್ಲಿಗೆ ಬಂತೇ?" ನಡೀತಿದೆ ಅಂದೆ. "ನಿನ್ನ ಬಟ್ಟೆ ಪೆಟ್ಟಿಗೆ ಅಟ್ಟಕ್ಕೆ ಹಾಕಿದ್ದೀವಿ. ಬೇಕಾದಾಗ ಭಾವನ್ನ ಕೇಳು, ಇಳಿಸಿ ಕೊಡ್ತಾರೆ." ನನ್ನ ಒಳಬಟ್ಟೆಗೂ ಇನ್ನು ಭಾವನನ್ನು ಕೇಳಬೇಕು.

ಮಾರ್ಚ್ 8, ಶುಕ್ರವಾರ. ಸಂಜೆ 5.30

ಬಸ್ಸು ಹೋಯಿತು. ನಾನು ಹತ್ತಲಿಲ್ಲ.

ಹತ್ತಬೇಕೆಂದೇ ಚೀಲ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ದೊಡ್ಡವರು ಕೈಚೀಲ ಹಿಡಿದು ರಸ್ತೆ ದಾಟಲು ಬಂದರು. ಅವರ ಬಲಕ್ಕೆ ಬಸ್ಸು. ಡ್ರೈವರ್ ಒಂದೇ ಸಮ ಹಾರ್ನ್ ಹೊಡೆದ, ಆಮೇಲೆ ಬಾಯಿಗೆ ಬಂದಂತೆ ಬೈದ. ಇವರು ನಿಧಾನ, ಮದುವೆ ಮಂಟಪಕ್ಕೆ ಹೊರಟವರ ಹಾಗೆ. ಜನ "ನೋಡಿ ಕೊಬ್ಬು" ಅಂದರು.

ಕೊಬ್ಬಲ್ಲ. ಛೆ, ಹದಿನಾಲ್ಕು ವರ್ಷದ ಅನುಭವವಂತೆ ನನಗೆ! ಕುರ್ಚಿ ಬದಲಿಸಿ ಕೂತಿದ್ದು ಎಡಗಿವಿಗಾಗಿ. ಮಾತಾಡುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಿನ್ನೆ "ಬೀಗ ಎಲ್ಲಿ?" ಅಂದರೆ "ಬೇಗ ಏನಿದೆ, ನಿಧಾನ ಹೋಗಿ" ಅಂದರು. ಮೊದಲ ದಿನವೇ 'ಸಹಿ' ಅಂದಿದ್ದು 'ಕಹಿ' ಆಗಿತ್ತು. ಕಿವಿ ಮಂದವಾದಾಗ 'ಸ' ಮೊದಲು ಹೋಗುತ್ತದೆ ಅಂತ ದಿನಾ ಪೇಷೆಂಟ್ ಮನೆಯವರಿಗೆ ಪಾಠ ಹೇಳುವವಳು ನಾನು. ಅದನ್ನೇ ದೊಡ್ಡ ಮಾತು ಅಂತ ಡೈರಿಯಲ್ಲಿ ಬರೆದುಕೊಂಡೆ!

ಏರುರಸ್ತೆ. ಲಾರಿಗಳ ಸದ್ದು. ಬೆನ್ನು ಹಾಕಿ ನಿಂತವರು. ತಮ್ಮ ಕೂಗಿದ್ದು ನಿಜ. ಅಣ್ಣನಿಗೆ ಕೇಳಿಸದೇ ಇದ್ದದ್ದೂ ನಿಜ.

ಗೋಡೆಗೂ ಕಿವಿ ಇರುತ್ತೆ ಅಂತಾರೆ. ಆ ಮನೆಯಲ್ಲಿ ಇನ್ನು ಅದಕ್ಕೇ ಇರಬೇಕು.

ಮಾರ್ಚ್ 9, ಶನಿವಾರ

ದೊಡ್ಡವರನ್ನು ಗಾಡಿಯೊಳಗೆ ಕೂರಿಸಿ, ಎದುರು ಕೂತು, ಬಿಡಿಸಿ ಬಿಡಿಸಿ ಹೇಳಿದೆ. ನಿಮ್ಮ ಬಲಗಿವಿ ಹೋಗಿದೆ, ಎಡಗಿವಿಯೂ ಮಂದವಾಗಿದೆ, ಬಹಳ ಕಾಲದಿಂದ ಇರಬೇಕು, ಇದಕ್ಕೆ ಮೆಷಿನ್ ಬರುತ್ತೆ. ಪೇಷೆಂಟ್‌ಗಳಿಗೆ ಹೇಳುವ ಹಾಗೆಯೇ ಹೇಳಿದೆ.

"ನನ್ನನ್ನ ಕಿವುಡ ಅಂತೀಯಾ?" 'ಅಮ್ಮ', 'ನೀವು' ಅನ್ನುತ್ತಿದ್ದವರು ಏಕವಚನಕ್ಕೆ ಇಳಿದರು.  ಆಮೇಲೆ ಕಣ್ಣು ಸಿಂಕಿನ ಪಕ್ಕದ ಆ ಎರಡು ಲೋಟಗಳ ಮೇಲೆ ಹೋಯಿತು.

"ಅಂದ್ರೆ ಅವನು ಕೂಗಿದ್ದ."

'ಅವನು' ಅಂದರು. ಗಮನಿಸಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದರು. "ಗಾಡಿ ಮಾರಲ್ಲ. ಹೋಗಿ." ಇಳಿದು ದೊಡ್ಡ ಬಾಗಿಲನ್ನು ಧಡಾರನೆ ಎಳೆದು ಹೊರಗಿಂದ ಬೀಗ ಹಾಕಿದರು.

ಡ್ರೈವರ್ ಬಾಗಿಲಿನಿಂದ ಇಳಿದೆ. ಏನಾಯ್ತು ಅಂದರು ಚಿಕ್ಕವರು. ಹೇಳಿಬಿಡೋಣ ಅನಿಸಿತು. ಹೇಳಲಿಲ್ಲ. ಪೇಷೆಂಟಿನ ವಿಷಯ ಪೇಷೆಂಟಿನದು. ಆದರೆ ನಾನು ಹೇಳಿದ್ದು ಆ ಮನುಷ್ಯನ ಕಿವಿಗಾಗಿಯೋ ನನ್ನ ಚಿಲಕಕ್ಕಾಗಿಯೋ? ಆರು ವರ್ಷ ತಮ್ಮನದೇ ತಪ್ಪು ಅಂತ ಬದುಕಿದವರು. ಆ ಊರುಗೋಲನ್ನೂ ಕಿತ್ತುಕೊಂಡೆ. ನಾಚಿಕೆಯಾಗುತ್ತಿದೆ.

ಮಾರ್ಚ್ 11, ಸೋಮವಾರ. ಮಧ್ಯಾಹ್ನ 3

ಚೀಲ ಕಟ್ಟಿದ್ದೇನೆ. ಐದರ ಬಸ್ಸು. ನಾಳೆ 12. ಡಾಕ್ಟರಿಗೆ ಏನಂತ ಹೇಳಲಿ, ಗೋಡೆ ಕೊಡಲಿಲ್ಲ ಅಂತಲೇ? ಹೊಸದಾಗಿ ಸೇರಿದವಳು ಊರೂರು ತಿರುಗಲಿ. ನನಗೆ ಗಾಜಿನ ಈಚೆ ಸ್ಟೂಲು, ಅಕ್ಕನ ಮನೆಯ ಸೋಫಾ, ಅಟ್ಟದ ಮೇಲಿನ ಪೆಟ್ಟಿಗೆ. ನಿನ್ನೆ ಇಡೀ ದಿನ ದೊಡ್ಡವರು ಬಾಗಿಲು ತೆರೆಯಲಿಲ್ಲ. ನಾನೂ ಬರೆಯಲಿಲ್ಲ.

ಕೆಳಗಿಂದ ಟೈರಿನವನು ಕೂಗುತ್ತಿದ್ದಾನೆ. ಯಾರೋ ಬಂದಿದ್ದಾರಂತೆ, ಹೊಲಿಗೆ ಯಂತ್ರದ ಹಿರಿಯರು.

4.40, ಗಾಡಿಯೊಳಗೆ

ಪರೀಕ್ಷೆ ಮಾಡಿ ಅಂದರು ದೊಡ್ಡವರು. ಪರೀಕ್ಷೆಯ ಮೆಷಿನ್ ಇಲ್ಲಿಲ್ಲ ಅಂದೆ. "ಮೆಷಿನ್ ಯಾಕೆ? ಅವರು ಇದ್ದಾರಲ್ಲ. ಅವರಿಂದಲೇ ಕರೆಸಿ." ಚಿಕ್ಕವರಿಗೆ ಏನೂ ಬಿಡಿಸಿ ಹೇಳಿಲ್ಲ. ನಾನು ಕೈ ಎತ್ತಿದಾಗ ಅಣ್ಣನನ್ನು ಕರೆಯಿರಿ, ಅಷ್ಟೇ ಅಂದಿದ್ದೇನೆ. ಗೊಣಗುತ್ತ ಬಂದು ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ. ದೊಡ್ಡವರು ಹಾಸಿಗೆಯ ತುದಿಯಲ್ಲಿ, ಹಿಂದಕ್ಕೆ ಮುಖ. ಬಲಗಿವಿಯದೇ ಪರೀಕ್ಷೆ, ಅದಕ್ಕೆ ಎಡಗಿವಿಗೆ ಹತ್ತಿ ತುರುಕಿ ಮೇಲೆ ಅಂಗೈ ಒತ್ತಿಕೊಂಡಿದ್ದಾರೆ. ಬಲಗೈ ಮಂಡಿಯ ಮೇಲೆ. ಕೇಳಿದ್ರೆ ಬೆರಳೆತ್ತಿ ಅಂತ ಹೇಳಿದ್ದೇನೆ. ಎರಡೂ ಬಾಗಿಲು ಹಾಕಿದೆ. ಹಾಕಿದರೆ ಇದೂ ಬೂತೇ. ಬರೆದುಕೊಳ್ಳಲು ಈ ಡೈರಿ ಬಿಟ್ಟರೆ ಬೇರೆ ಕಾಗದವಿಲ್ಲ.

ಒಂದನೇ ಸಲ — "ಅಣ್ಣ." ಮಾಮೂಲು ದನಿ. ಬೆರಳು ಏಳಲಿಲ್ಲ.

ಎರಡನೇ ಸಲ — "ಅಣ್ಣಾ." ಜೋರು. ಏಳಲಿಲ್ಲ. ಚಿಕ್ಕವರು ಸೀಟಿನಲ್ಲೇ ತಿರುಗಿದರು. ಅಣ್ಣನ ಬೆನ್ನು ನೋಡಿದರು, ಮಂಡಿಯ ಮೇಲಿನ ಕೈ ನೋಡಿದರು, ನನ್ನನ್ನು ನೋಡಿದರು.

ಮೂರನೇ ಸಲ — ನಾನು ಕೈ ಎತ್ತುವ ಮೊದಲೇ. "ಅಣ್ಣಾ, ಕಲ್ಲಿಡೋ..." ಬೆರಳು ಏಳಲಿಲ್ಲ.

ಬಸ್ಸಿನ ಹಾರ್ನ್. ಕೇಳಿಸಿದ್ದು ನಮ್ಮಿಬ್ಬರಿಗೆ.

ದೊಡ್ಡವರು ಮುಖ ತಿರುಗಿಸದೆ ಕೇಳುತ್ತಿದ್ದಾರೆ — "ಯಾಕಮ್ಮ, ಇನ್ನೂ ಶುರು ಮಾಡ್ಲಿಲ್ವಾ?"

ಮತ್ತೆ ಹಾರ್ನ್. ಚಿಕ್ಕವರು ಏಳುತ್ತಿದ್ದಾರೆ. ಕಾಲು ಎಳೆದುಕೊಂಡು, ಸೀಟುಗಳ ನಡುವೆ ತೂರಿ, ಹಿಂದಕ್ಕೆ, ಅಣ್ಣನ ಬಲಗಿವಿಯ ಹತ್ತಿರ ಬಾಗಿ...

ನಾಲ್ಕನೇ ಸಲ —